ದವಡೆ ಕೀಲಿನ ನೋವು: ಕಿವಿಯದ್ದೂ ಅಲ್ಲ, ಹಲ್ಲಿನದ್ದೂ ಅಲ್ಲ

ಬೆಳಿಗ್ಗೆ ಎದ್ದಾಗ ದವಡೆ ಬಿಗಿದುಕೊಂಡಂತೆ ಇರುತ್ತದೆ. ಅಕ್ಕಿ ರೊಟ್ಟಿ ಅಗಿಯುವಾಗ ಕಿವಿಯ ಮುಂದೆ ನೋಯುತ್ತದೆ. ಆಕಳಿಸಿದರೆ 'ಟಕ್' ಎಂದು ಶಬ್ದ ಬರುತ್ತದೆ. ಇವುಗಳಲ್ಲಿ ಯಾವುದಾದರೂ ಒಂದನ್ನು ಅನುಭವಿಸಿದವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಸಿಕ್ಕಾರು. ಆದರೆ ಈ ನೋವು ತನ್ನ ನಿಜವಾದ ಜಾಗವನ್ನು ತೋರಿಸಿಕೊಡುವುದಿಲ್ಲ. ಕಿವಿ ನೋವೆಂದು ತಿಳಿದು ಕೆಲವರು ಕಿವಿಗೆ ಎಣ್ಣೆ ಬಿಟ್ಟುಕೊಳ್ಳುತ್ತಾರೆ. ಹಲ್ಲು ನೋವೆಂದು ತಿಳಿದು ಗಟ್ಟಿಮುಟ್ಟಾದ ಹಲ್ಲನ್ನೇ ಕೀಳಿಸಿಕೊಳ್ಳುವವರಿದ್ದಾರೆ. ತಲೆನೋವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗುವವರೂ ಇದ್ದಾರೆ. ಹಲ್ಲು ಹೋದರೂ ನೋವು ಹೋಗುವುದಿಲ್ಲ. ಏಕೆಂದರೆ ನೋವು ಇರುವುದು ದವಡೆಯ ಕೀಲಿನಲ್ಲಿ, ಅಥವಾ ಆ ಕೀಲನ್ನು ಆಡಿಸುವ ಸ್ನಾಯುಗಳಲ್ಲಿ.

ದವಡೆ ಕೀಲಿನ ನೋವು ಬಹುಪಾಲು ಜನರಲ್ಲಿ ಅಪಾಯಕಾರಿಯಲ್ಲ. ದವಡೆಗೆ ಸ್ವಲ್ಪ ವಿಶ್ರಾಂತಿ ಕೊಟ್ಟರೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಇದೇ ವೇಷದಲ್ಲಿ ಬರುವ ಬೇರೆ ಕೆಲವು ಕಾಯಿಲೆಗಳಿವೆ. ಅವುಗಳಿಗೆ ವಿಶ್ರಾಂತಿ ಮದ್ದಲ್ಲ, ತಡ ಮಾಡಿದರೆ ದೊಡ್ಡ ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬುದನ್ನು ಮನೆಯವರೆಲ್ಲರೂ ತಿಳಿದಿರುವುದು ಒಳ್ಳೆಯದು.

ಈ ಕೀಲು ಎಲ್ಲಿದೆ?

ನಿಮ್ಮ ಎರಡೂ ತೋರುಬೆರಳುಗಳನ್ನು ಕಿವಿಯ ರಂಧ್ರದ ಸ್ವಲ್ಪ ಮುಂದೆ, ಕೆನ್ನೆಯ ಮೇಲೆ ಇಡಿ. ಈಗ ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಿ. ಬೆರಳಿನ ಅಡಿಯಲ್ಲಿ ಗಂಟಿನಂತೆ ಸರಿದಾಡುವುದೇ ಕೆಳದವಡೆಯ ಮೂಳೆಯ ತಲೆ. ಅದು ತಲೆಬುರುಡೆಯ ಮೂಳೆಯನ್ನು ಸೇರುವ ಜಾಗವೇ ದವಡೆ ಕೀಲು. ವೈದ್ಯರು ಇದನ್ನು ಟೆಂಪೊರೊಮ್ಯಾಂಡಿಬ್ಯುಲರ್ ಜಾಯಿಂಟ್, ಚಿಕ್ಕದಾಗಿ ಟಿಎಂಜೆ ಎನ್ನುತ್ತಾರೆ.

ಎರಡು ಮೂಳೆಗಳು ಒಂದಕ್ಕೊಂದು ಉಜ್ಜದಂತೆ ನಡುವೆ ತೆಳುವಾದ, ಬಳುಕುವ ಒಂದು ಬಿಲ್ಲೆ ಇದೆ. ಬಾಗಿಲಿನ ತಿರುಗಣಿ ಒಂದೇ ಜಾಗದಲ್ಲಿ ನಿಂತು ತಿರುಗುತ್ತದೆ. ದವಡೆ ಕೀಲು ಹಾಗಲ್ಲ, ಮೊದಲು ತಿರುಗುತ್ತದೆ, ಬಾಯಿ ಇನ್ನಷ್ಟು ಅಗಲವಾದಾಗ ಮುಂದಕ್ಕೆ ಜಾರುತ್ತದೆ. ಎಡ ಮತ್ತು ಬಲ ಕೀಲುಗಳು ಒಂದೇ ಮೂಳೆಯ ಎರಡು ತುದಿಗಳಾದ್ದರಿಂದ ಒಂದರ ತೊಂದರೆ ಇನ್ನೊಂದಕ್ಕೂ ತಟ್ಟುತ್ತದೆ. ಮಾತು, ಊಟ, ಆಕಳಿಕೆ, ಕುರ್‌ಆನ್ ಪಾರಾಯಣ, ನೀರು ನುಂಗುವುದು, ಎಲ್ಲದರಲ್ಲೂ ಈ ಕೀಲಿಗೆ ಕೆಲಸವಿದೆ.

ಈಗ ಕೆನ್ನೆಯ ಹಿಂಭಾಗದ ಮೇಲೆ ಕೈಯಿಟ್ಟು ಹಲ್ಲುಗಳನ್ನು ಬಿಗಿಯಾಗಿ ಕಚ್ಚಿ. ಉಬ್ಬಿ ಗಟ್ಟಿಯಾಗುವುದು ಅಗಿಯುವ ಮುಖ್ಯ ಸ್ನಾಯು. ಕಣತಲೆಯ ಮೇಲೆ ಕೈಯಿಟ್ಟು ಕಚ್ಚಿದರೆ ಅಲ್ಲಿಯೂ ಒಂದು ಸ್ನಾಯು ಬಿಗಿಯುತ್ತದೆ. ದವಡೆಗೆ ತೊಂದರೆಯಾದಾಗ ತಲೆನೋವು ಬರುವುದು ಏಕೆ ಎಂಬುದು ಇದರಿಂದಲೇ ತಿಳಿಯುತ್ತದೆ. ದವಡೆ ಕೀಲಿನ ನೋವು ಎಂದು ಕರೆಯುವ ಎಷ್ಟೋ ಸಂದರ್ಭಗಳಲ್ಲಿ ಕೀಲು ಸರಿಯಾಗಿಯೇ ಇದ್ದು, ದಣಿದಿರುವುದು ಈ ಸ್ನಾಯುಗಳು ಮಾತ್ರ.

ಲಕ್ಷಣಗಳು

ಕಿವಿಯ ಮುಂದೆ, ಕೆನ್ನೆಯಲ್ಲಿ ಅಥವಾ ಕಣತಲೆಯಲ್ಲಿ ಮಂದವಾದ ನೋವು; ಅಗಿಯುವಾಗ, ಹೆಚ್ಚು ಮಾತನಾಡುವಾಗ ಅದು ಹೆಚ್ಚುವುದು; ಬೆಳಿಗ್ಗೆ ಬಾಯಿ ತೆರೆಯಲು ಬಿಗಿತ; ಬಾಯಿ ತೆರೆದಾಗ ಗದ್ದ ಒಂದು ಬದಿಗೆ ವಾಲುವುದು; ಕೀಲಿನಲ್ಲಿ 'ಟಕ್' ಅಥವಾ 'ಕರಕರ' ಶಬ್ದ; ಕಿವಿ ಕಟ್ಟಿದಂತೆ ಅನಿಸುವುದು, ಕಿವಿಯೊಳಗೆ ಗುಂಯ್‌ಗುಡುವುದು; ಕುತ್ತಿಗೆ ಮತ್ತು ಭುಜ ಹಿಡಿದುಕೊಳ್ಳುವುದು. ಇವೆಲ್ಲವೂ ಒಬ್ಬರಲ್ಲೇ ಇರಬೇಕೆಂದಿಲ್ಲ. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ವರ್ಷ ವಯಸ್ಸಿನವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಕಿವಿಗೂ ದವಡೆಗೂ ಇರುವ ಈ ನಂಟನ್ನು 1934ರಲ್ಲಿ ಅಮೆರಿಕದ ಕಿವಿ ವೈದ್ಯ ಜೇಮ್ಸ್ ಕಾಸ್ಟೆನ್ ವಿವರವಾಗಿ ಬರೆದರು. ಬಹಳ ಕಾಲ ಈ ತೊಂದರೆಗೆ ಅವರ ಹೆಸರೇ ಇತ್ತು. ಹಿಂದಿನ ಹಲ್ಲುಗಳು ಉದುರಿ ದವಡೆ ಕುಸಿಯುವುದೇ ಇದಕ್ಕೆ ಕಾರಣ ಎಂಬ ಅವರ ವಾದ ಮುಂದೆ ನಿಲ್ಲಲಿಲ್ಲ. ಆದರೆ ಕಿವಿ ನೋವೆಂದು ಬಂದವರ ದವಡೆಯನ್ನೂ ನೋಡಬೇಕು ಎಂಬ ಪಾಠ ಉಳಿಯಿತು.

ಶಬ್ದ ಬಂದರೆ ಹೆದರಬೇಕೇ?

ಮೂಳೆಯ ತಲೆಯ ಮೇಲೆ ಕೂರಬೇಕಾದ ಬಿಲ್ಲೆ ಸ್ವಲ್ಪ ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆದಾಗ ಅದು ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಆಗ ಕೇಳುವುದೇ ಆ 'ಟಕ್'. ನೋವಿಲ್ಲದೆ, ಬಾಯಿ ಪೂರ್ತಿ ತೆರೆಯುತ್ತಿದ್ದರೆ, ಬರೀ ಶಬ್ದಕ್ಕೆ ಚಿಕಿತ್ಸೆ ಬೇಕಾಗಿಲ್ಲ. ಎಷ್ಟೋ ಆರೋಗ್ಯವಂತರ ದವಡೆ ಜೀವಮಾನವಿಡೀ ಸದ್ದು ಮಾಡುತ್ತಲೇ ಇರುತ್ತದೆ. ಸದ್ದು ಬರುತ್ತದೆಯೇ ಎಂದು ದಿನವೂ ಬಾಯಿ ತೆರೆದು ತೆರೆದು ನೋಡುವ ಅಭ್ಯಾಸವೇ ಕೀಲನ್ನು ನೋಯಿಸುತ್ತದೆ.

ಆದರೆ ಒಂದು ವಿಷಯ ನೆನಪಿರಲಿ. ತಿಂಗಳುಗಳಿಂದ ಬರುತ್ತಿದ್ದ ಸದ್ದು ಒಂದು ದಿನ ಇದ್ದಕ್ಕಿದ್ದಂತೆ ನಿಂತು, ಅದೇ ದಿನದಿಂದ ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆಯದಿದ್ದರೆ, ಅದು ವಾಸಿಯಾದ ಲಕ್ಷಣವಲ್ಲ. ಬಿಲ್ಲೆ ಮುಂದೆಯೇ ಸಿಕ್ಕಿಕೊಂಡಿದೆ ಎಂದು ಅರ್ಥ. ಆಗ ಬೇಗನೆ ವೈದ್ಯರಿಗೆ ತೋರಿಸಬೇಕು. ಬಲವಂತವಾಗಿ ಬಾಯಿ ಬಿಡಿಸಲು ಹೋಗಬಾರದು.

ಕಾರಣಗಳೇನು?

'ಹಲ್ಲು ಕಚ್ಚಿ ಸಹಿಸಿಕೊಂಡೆ' ಎನ್ನುತ್ತೇವೆ, 'ಅವನ ಮೇಲೆ ಹಲ್ಲು ಕಡಿಯುತ್ತಿದ್ದಾನೆ' ಎನ್ನುತ್ತೇವೆ. ಮನಸ್ಸಿನ ಭಾರ ದವಡೆಯ ಮೇಲೆ ಬೀಳುತ್ತದೆ ಎಂಬುದು ನಮ್ಮ ಮಾತಿಗೆ ಮೊದಲೇ ಗೊತ್ತಿತ್ತು. ದವಡೆ ನೋವಿನ ಹಿಂದೆ ಹೆಚ್ಚಾಗಿ ಕಾಣುವುದು ಇದೇ ಅಭ್ಯಾಸ. ಸುಮ್ಮನಿರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟಬಾರದು. ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಸ್ವಲ್ಪ ಅಂತರವಿರಬೇಕು. ಅಗಿಯುವಾಗ ಮತ್ತು ನುಂಗುವಾಗ ಮಾತ್ರ ಅವು ತಾಗಬೇಕು. ಆದರೆ ಸಾಲದ ಕಂತು, ಮಕ್ಕಳ ಪರೀಕ್ಷೆ, ಗಲ್ಫ್‌ನಲ್ಲಿರುವ ಮನೆಯವರ ಚಿಂತೆ, ಹೇಳಿಕೊಳ್ಳಲಾಗದ ಮನೆಯೊಳಗಿನ ಬೇಸರ ಹೀಗೆ ಯಾವುದಾದರೂ ತಲೆಯಲ್ಲಿದ್ದರೆ ನಮಗೆ ಗೊತ್ತಿಲ್ಲದೆಯೇ ಹಲ್ಲುಗಳು ಬಿಗಿದುಕೊಳ್ಳುತ್ತವೆ. ಭಾರ ಎತ್ತುವಾಗಲೂ ಹಾಗೆಯೇ. ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲಿನ ದಿನಗಳಲ್ಲಿ ಮೂಟೆ ಹೊರುವವರು ಉಸಿರು ಹಿಡಿದು, ದವಡೆ ಬಿಗಿದು ಎತ್ತುತ್ತಾರೆ. ಸಂಜೆ ಕಣತಲೆ ಸಿಡಿದರೆ ಬಿಸಿಲಿನ ತಲೆನೋವು ಎಂದುಕೊಳ್ಳುತ್ತಾರೆ. ಕೆಲವೊಮ್ಮೆ ಅದು ದವಡೆಯ ದಣಿವೂ ಆಗಿರಬಹುದು.

ಎರಡನೆಯದು ನಿದ್ದೆಯಲ್ಲಿ ಹಲ್ಲು ಕಡಿಯುವುದು. ಬ್ರಕ್ಸಿಸಂ ಎಂಬುದು ಇದರ ವೈದ್ಯಕೀಯ ಹೆಸರು. ಕಡಿಯುವವರಿಗೆ ಇದು ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದವರು ಹೇಳಬೇಕು. ಹೊಟ್ಟೆಯಲ್ಲಿ ಹುಳವಿದ್ದರೆ ಮಕ್ಕಳು ಹಲ್ಲು ಕಡಿಯುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹುಳದ ಮಾತ್ರೆಯನ್ನು ಅದರ ಕಾಲಕ್ಕೆ ಕೊಡಬೇಕಾದದ್ದು ಸರಿ, ಆದರೆ ಹಲ್ಲು ಕಡಿಯುವುದಕ್ಕೆ ಹುಳವೇ ಕಾರಣ ಎಂಬುದು ಸಾಬೀತಾಗಿಲ್ಲ. ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ಅದು ತಾನಾಗಿಯೇ ನಿಲ್ಲುತ್ತದೆ. ದೊಡ್ಡವರಲ್ಲಿ ನಿದ್ದೆಗೇಡು, ಬೀಡಿ ಸಿಗರೇಟು, ಮಲಗುವ ಮುನ್ನ ಕುಡಿಯುವ ಗಟ್ಟಿ ಕಾಫಿ ಇದನ್ನು ಹೆಚ್ಚಿಸುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು. ಹಾಗೆಂದು ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರಿಗೆ ಹೇಳಬೇಕು.

ಉಳಿದ ಕಾರಣಗಳು ಇವು: ಗದ್ದಕ್ಕೆ ಅಥವಾ ಕೆನ್ನೆಗೆ ಬಿದ್ದ ಪೆಟ್ಟು, ಹಲ್ಲಿನ ಚಿಕಿತ್ಸೆಗಾಗಿ ಬಹಳ ಹೊತ್ತು ಬಾಯಿ ತೆರೆದಿಟ್ಟಿರುವುದು, ಒಂದೇ ಬದಿಯಲ್ಲಿ ಅಗಿಯುವ ಅಭ್ಯಾಸ, ಉಗುರು ಕಚ್ಚುವುದು, ಚೂಯಿಂಗ್ ಗಮ್ ಜಗಿಯುವುದು, ಮೂಳೆ, ಅಡಿಕೆ, ಕಬ್ಬಿನಂಥ ಗಟ್ಟಿ ವಸ್ತುಗಳನ್ನು ಕಡಿಯುವುದು. ವಯಸ್ಸಾದವರಲ್ಲಿ ಮಂಡಿಯಂತೆ ಈ ಕೀಲೂ ಸವೆಯುತ್ತದೆ, ಆಗ ಬರುವುದು 'ಕರಕರ' ಸದ್ದು. ಬೆಳಿಗ್ಗೆ ಎದ್ದಾಗ ಕೈಬೆರಳುಗಳ ಗಂಟುಗಳೂ ಬಿಗಿದು ಊದಿಕೊಳ್ಳುತ್ತಿದ್ದರೆ ರುಮಟಾಯ್ಡ್ ಸಂಧಿವಾತದ ಪರೀಕ್ಷೆ ಮಾಡಿಸಬೇಕು.

ಹಲ್ಲುಗಳು ಓರೆಕೋರೆಯಾಗಿರುವುದರಿಂದಲೇ ದವಡೆ ನೋಯುತ್ತದೆ ಎಂದು ಹಿಂದೆ ಬಹಳ ಮಂದಿ ನಂಬಿದ್ದರು. ಇಂದಿನ ತಿಳಿವಳಿಕೆ ಅದನ್ನು ಮುಖ್ಯ ಕಾರಣವೆಂದು ಒಪ್ಪುವುದಿಲ್ಲ. ಆದ್ದರಿಂದ ದವಡೆ ನೋವೊಂದಕ್ಕೇ ಒಳ್ಳೆಯ ಹಲ್ಲುಗಳನ್ನು ಅರೆಯಿಸಿಕೊಳ್ಳುವ, ಕೀಳಿಸಿಕೊಳ್ಳುವ ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಮೂರು ಬೆರಳಿನ ಪರೀಕ್ಷೆ

ಇದನ್ನು ಮನೆಯಲ್ಲೇ ಎಲ್ಲರೂ ಮಾಡಿ ನೋಡಬಹುದು. ಕೈ ತೊಳೆದುಕೊಂಡು ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರ ಬೆರಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಸಲೀಸಾಗಿ ಹಿಡಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ. ದೊಡ್ಡವರಲ್ಲಿ ಈ ಅಂತರ ಸುಮಾರು 40ರಿಂದ 50 ಮಿಲಿಮೀಟರ್. ಎರಡೇ ಬೆರಳು ಹಿಡಿದರೆ ಕಾರಣ ಹುಡುಕಬೇಕು.

ಬಾಯಿ ತೆರೆಯದವರಲ್ಲಿ ಎರಡು ಗುಂಪುಗಳಿವೆ. ಮೊದಲನೆಯವರಿಗೆ ಕಿವಿಯ ಮುಂದೆ ನೋವಿರುತ್ತದೆ, ಕೆಲವು ದಿನ ಅಥವಾ ವಾರಗಳಿಂದ ಹೀಗಾಗಿದೆ ಎನ್ನುತ್ತಾರೆ. ಇವರದ್ದು ಹೆಚ್ಚಾಗಿ ಕೀಲು ಅಥವಾ ಸ್ನಾಯುವಿನ ತೊಂದರೆ. ಎರಡನೆಯವರಿಗೆ ಕೀಲಿನಲ್ಲಿ ನೋವೇ ಇರುವುದಿಲ್ಲ. ವರ್ಷದಿಂದ ವರ್ಷಕ್ಕೆ ಬಾಯಿ ಕಿರಿದಾಗುತ್ತಾ ಬಂದಿರುತ್ತದೆ. ಖಾರ ಮುಟ್ಟಿಸಿದರೆ ಬಾಯಿ ಉರಿಯುತ್ತದೆ. ಕೆನ್ನೆಯ ಒಳಭಾಗ ಬಿಳಚಿಕೊಂಡು, ಬೆರಳಿನಿಂದ ಮುಟ್ಟಿದರೆ ಹಗ್ಗದಂತೆ ಗಟ್ಟಿ ಪಟ್ಟಿಗಳು ಸಿಗುತ್ತವೆ. ಇದು ಕೀಲಿನ ರೋಗವಲ್ಲ. ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್.

ನಮ್ಮ ಕಡೆ ಇದನ್ನು ಒತ್ತಿ ಹೇಳಲೇಬೇಕು. ಕೊಡಗಿನ ಕಾಫಿ ತೋಟಗಳ ನಡುವೆಯೇ ಅಡಿಕೆ ಬೆಳೆಯುತ್ತದೆ. ಮದುವೆ ಮನೆಯಲ್ಲಿ ಎಲೆ ಅಡಿಕೆ ತಟ್ಟೆ ಇರುತ್ತದೆ, ಅಜ್ಜಿಯರ ಬಳಿ ಎಲೆಯ ಡಬ್ಬಿ ಇರುತ್ತದೆ, ಲೈನ್ ಮನೆಗಳಲ್ಲಿ ದುಡಿಮೆಯ ದಣಿವು ಮರೆಯಲು ಜಗಿಯುವವರಿದ್ದಾರೆ. ಈಗ ಅಂಗಡಿಯ ಮುಂದೆ ತೂಗಾಡುವ ಸುಪಾರಿ ಪೊಟ್ಟಣಗಳು ಶಾಲೆಗೆ ಹೋಗುವ ಹುಡುಗರ ಕೈಗೂ ಸಿಗುತ್ತಿವೆ. 'ಇದರಲ್ಲಿ ತಂಬಾಕು ಇಲ್ಲವಲ್ಲ' ಎಂಬುದು ಎಲ್ಲರ ಸಮಾಧಾನ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿ ನಡೆಸಿದ ಪರಿಶೀಲನೆಯಲ್ಲಿ, ತಂಬಾಕು ಇಲ್ಲದ ಎಲೆ ಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಅಡಿಕೆಯ ಪುಡಿ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಕೊಂಡು ಬೆರೆಸಿ ಜಗಿಯುವವರಿಗೆ ಆ ನಿಷೇಧದಿಂದ ಏನೂ ಆಗಲಿಲ್ಲ.

ಹೀಗೆ ಗಟ್ಟಿಯಾದ ಕೆನ್ನೆ ಮತ್ತೆ ಮೊದಲಿನಂತೆ ಮೆತ್ತಗಾಗುವುದಿಲ್ಲ. ಕೆಲವರಲ್ಲಿ ಮುಂದೆ ಅದೇ ಜಾಗದಲ್ಲಿ ಬಾಯಿ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಆದರೆ ಬೇಗ ಗುರುತಿಸಿ, ಅಡಿಕೆಯನ್ನು ಪೂರ್ತಿ ಬಿಟ್ಟು, ವೈದ್ಯರ ಕಣ್ಣಳತೆಯಲ್ಲಿ ಇದ್ದರೆ ರೋಗ ಮುಂದುವರಿಯುವುದನ್ನು ತಡೆಯಬಹುದು. ದವಡೆ ಹಿಡಿದಿದೆ ಎಂದು ಮುಲಾಮು ಹಚ್ಚಿಕೊಂಡು ವರ್ಷ ಕಳೆದರೆ ಆ ಅವಕಾಶ ಕೈಜಾರುತ್ತದೆ. ಜಗಿಯುವ ಅಭ್ಯಾಸವಿರುವ ಮನೆಯವರಿಗೆ ತಿಂಗಳಿಗೊಮ್ಮೆ ಈ ಮೂರು ಬೆರಳಿನ ಪರೀಕ್ಷೆ ಮಾಡಿಸಿ. ಮಕ್ಕಳಿಗಂತೂ ಸಿಹಿ ಸುಪಾರಿಯ ರುಚಿಯನ್ನೇ ತೋರಿಸಬೇಡಿ.

ಮಗು ಬಿದ್ದು ಗದ್ದಕ್ಕೆ ಪೆಟ್ಟಾದರೆ

ಇಳಿಜಾರಿನ ದಾರಿ, ಕಲ್ಲಿನ ಮೆಟ್ಟಿಲು, ಸೀಬೆ ಮರ. ಕೊಡಗಿನ ಮಕ್ಕಳು ಬೀಳುವುದು ಸಾಮಾನ್ಯ. ಗದ್ದ ನೆಲಕ್ಕೆ ಬಡಿದು ಹರಿದರೆ ಹೊಲಿಗೆ ಹಾಕಿಸಿ ಕರೆತರುತ್ತೇವೆ. ಆದರೆ ಗದ್ದಕ್ಕೆ ಬಿದ್ದ ಪೆಟ್ಟು ಮೂಳೆಯ ಮೂಲಕ ಸಾಗಿ ಕಿವಿಯ ಮುಂದಿನ ಕೀಲಿಗೆ ತಲಪುತ್ತದೆ. ಅಲ್ಲಿ ಮೂಳೆಯ ತೆಳುವಾದ ಕುತ್ತಿಗೆ ಮುರಿದಿರಬಹುದು, ಹೊರಗೆ ಏನೂ ಕಾಣದಿರಬಹುದು. ನೋವಿಗೆ ಹೆದರಿ ಮಗು ಬಾಯಿ ತೆರೆಯದೇ ಇದ್ದರೆ, ತಿಂಗಳುಗಳು ಕಳೆದಂತೆ ಕೀಲಿನ ಮೂಳೆಗಳು ಒಂದಕ್ಕೊಂದು ಅಂಟಿ ಬೆಸೆದುಕೊಳ್ಳುವ ಅಪಾಯವಿದೆ. ಆಗ ಬಾಯಿ ತೆರೆಯುವುದಿಲ್ಲ, ಗದ್ದ ಬೆಳೆಯುವುದಿಲ್ಲ, ಮುಖ ಒಂದು ಬದಿಗೆ ವಾಲುತ್ತದೆ, ಮಲಗಿದಾಗ ಉಸಿರಾಟಕ್ಕೂ ಕಷ್ಟವಾಗುತ್ತದೆ. ಮತ್ತೆ ಸರಿಪಡಿಸಲು ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕು. ಚಿಕಿತ್ಸೆಯಿಲ್ಲದ ಕಿವಿಯ ಸೋಂಕು ಕೀಲಿಗೆ ಹರಡಿದರೂ ಹೀಗಾಗಬಹುದು.

ಆದ್ದರಿಂದ ಹೊಲಿಗೆ ಹಾಕಿಸುವ ದಿನವೇ 'ಕೀಲಿಗೆ ಪೆಟ್ಟಾಗಿದೆಯೇ ನೋಡಿ' ಎಂದು ವೈದ್ಯರನ್ನು ಕೇಳಿ. ಬಾಯಿ ಮುಚ್ಚಿದಾಗ ಹಲ್ಲುಗಳು ಮೊದಲಿನಂತೆ ಕೂರುತ್ತಿಲ್ಲ, ಬಾಯಿ ತೆರೆದಾಗ ಗದ್ದ ಒಂದು ಕಡೆಗೆ ಹೋಗುತ್ತದೆ ಎಂದಾದರೆ ಎಕ್ಸ್‌ರೇ ಬೇಕು. ವೈದ್ಯರು ಹೇಳಿದ ಬಾಯಿ ತೆರೆಯುವ ವ್ಯಾಯಾಮವನ್ನು ಮಗು ಅತ್ತರೂ ಬಿಡದೆ ಮಾಡಿಸಿ. ಮುಂದಿನ ಕೆಲವು ತಿಂಗಳು ಆಗಾಗ ಮಗುವಿನದೇ ಮೂರು ಬೆರಳು ಇಡಿಸಿ ನೋಡಿ.

ಕಾಯಲೇಬಾರದ ನೋವುಗಳು

ನಡೆಯುವಾಗ, ಏರು ಹತ್ತುವಾಗ ಅಥವಾ ಇದ್ದಕ್ಕಿದ್ದಂತೆ ದವಡೆ ಹಿಂಡಿದಂತಾಗಿ, ಜೊತೆಗೆ ಬೆವರು, ಉಸಿರುಗಟ್ಟುವಿಕೆ, ವಾಕರಿಕೆ, ಎದೆ ಅಥವಾ ತೋಳಿನಲ್ಲಿ ಭಾರವೆನಿಸಿದರೆ ಅದು ಹೃದಯಾಘಾತವಿರಬಹುದು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆ ನೋವು ಸ್ಪಷ್ಟವಾಗಿ ಕಾಣಿಸದೆ ದವಡೆ ನೋವೇ ಮುಂದಾಗಿ ಬರುವುದುಂಟು. ಹಲ್ಲಿನ ವೈದ್ಯರನ್ನು ಹುಡುಕಬೇಡಿ, 108ಕ್ಕೆ ಕರೆ ಮಾಡಿ.

ತೋಟದಲ್ಲಿ ಕತ್ತಿ, ಮುಳ್ಳು, ತಂತಿ ಚುಚ್ಚಿ ಗಾಯವಾದ ಕೆಲವು ದಿನಗಳ ಬಳಿಕ ದವಡೆ ಬಿಗಿದುಕೊಂಡು ನುಂಗಲು ಕಷ್ಟವಾದರೆ ಅದು ಧನುರ್ವಾಯುವಿನ ಮೊದಲ ಗುರುತಾಗಿರಬಹುದು. ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಚುಚ್ಚುಮದ್ದು ಹಾಕಿಸಿಕೊಂಡವರಿಗೆ ಈ ಭಯ ಬಹಳ ಕಡಿಮೆ.

ಜ್ವರದೊಂದಿಗೆ ಕಿವಿಯ ಕೆಳಗೆ ಊದಿಕೊಂಡರೆ ಮಂಗನ ಬಾವು ಇರಬಹುದು. ಕೊನೆಯ ಹಲ್ಲಿನ ಸುತ್ತ ಊದಿ, ಕೀವು ಬಂದು, ಬಾಯಿ ತೆರೆಯಲಾಗದೆ, ನುಂಗಲೂ ಕಷ್ಟವಾದರೆ ಸೋಂಕು ಗಂಟಲಿನ ಕಡೆಗೆ ಇಳಿಯುತ್ತಿದೆ. ಆ ದಿನವೇ ತೋರಿಸಬೇಕು. ವುಝೂ ಮಾಡುವಾಗ ಮುಖಕ್ಕೆ ನೀರು ತಾಗಿದರೂ ವಿದ್ಯುತ್ ಹೊಡೆದಂತೆ ಕೆಲವು ಕ್ಷಣ ಸಿಡಿಯುವ ನೋವು ನರದ್ದು, ಕೀಲಿನದ್ದಲ್ಲ. ಅದಕ್ಕೆ ಬೇರೆಯೇ ಮದ್ದಿದೆ. ಐವತ್ತು ದಾಟಿದವರಲ್ಲಿ ಹೊಸದಾಗಿ ಕಣತಲೆ ನೋವು ಶುರುವಾಗಿ, ಅಗಿಯುವಾಗ ದವಡೆ ಸೋತು, ಕಣ್ಣು ಮಂಜಾದರೆ ರಕ್ತನಾಳದ ಉರಿಯೂತವಿರಬಹುದು. ಇದು ಅಪರೂಪ, ಆದರೆ ತಡ ಮಾಡಿದರೆ ದೃಷ್ಟಿಯೇ ಹೋಗುತ್ತದೆ.

ಬಾಯಿ ತೆರೆದಿದ್ದು ತೆರೆದಂತೆಯೇ ನಿಂತರೆ ಕೀಲು ಜಾರಿದೆ ಎಂದರ್ಥ. ಜೋರಾಗಿ ಆಕಳಿಸಿದಾಗ, ನಕ್ಕಾಗ ಹೀಗಾಗುವುದುಂಟು. ಕೀಲನ್ನು ಮತ್ತೆ ಕೂರಿಸುವ ಕೈಚಳಕ ಬಹಳ ಹಳೆಯದು. ಪ್ರಾಚೀನ ಈಜಿಪ್ಟಿನ ವೈದ್ಯ ಬರಹದಲ್ಲೂ, ಸಾವಿರ ವರ್ಷ ಹಿಂದಿನ ಇಬ್ನ್ ಸೀನಾರ ವೈದ್ಯ ಗ್ರಂಥದಲ್ಲೂ ಅದರ ವಿವರವಿದೆ. ಆದರೆ ಅದು ಕಲಿತವರ ಕೆಲಸ. ಕೆನ್ನೆಗೆ ಹೊಡೆಯುವುದು, ಗದ್ದವನ್ನು ಮೇಲಕ್ಕೆ ಒತ್ತುವುದು ಮಾಡಬೇಡಿ. ಬಟ್ಟೆಯಿಂದ ಗದ್ದಕ್ಕೆ ಆಸರೆ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲೇ ಮಾಡಬೇಕಾದದ್ದು

ಮೇಲಿನ ಅಪಾಯದ ಗುರುತುಗಳು ಯಾವುವೂ ಇಲ್ಲವೆಂದಾದರೆ ಎರಡು ಮೂರು ವಾರ ಈ ಕ್ರಮಗಳನ್ನು ಪಾಲಿಸಿ ನೋಡಿ.

ಊಟ ಮೆತ್ತಗಿರಲಿ. ಗಂಜಿ, ನೂಲ್‌ಪುಟ್ಟು, ಸಾರಿನಲ್ಲಿ ನೆನೆದ ಪತ್ತಿರಿ, ಚೆನ್ನಾಗಿ ಬೆಂದ ಮೀನು, ಮೊಟ್ಟೆ, ಬಾಳೆಹಣ್ಣು ಸಾಕಷ್ಟಾಯಿತು. ಮಾಂಸವನ್ನು ಸಣ್ಣಗೆ ಕತ್ತರಿಸಿ ಬೇಯಿಸಿ. ಮೂಳೆ ಕಡಿಯುವುದು, ಒಣಗಿದ ರೊಟ್ಟಿ, ಇಡೀ ಸೇಬು ಸದ್ಯಕ್ಕೆ ಬೇಡ. ಎರಡೂ ಬದಿಯಲ್ಲಿ ಅಗಿಯಿರಿ. ಹಾಗೆಂದು ಬಾಯಿ ಕಟ್ಟಿಕೊಂಡು ಕೂರಬೇಕಿಲ್ಲ. ಕೀಲು ಹಗುರವಾಗಿ ಆಡುತ್ತಿರಬೇಕು.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಯ ಮೇಲೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ ಇಡಿ. ಆಗಷ್ಟೇ ಪೆಟ್ಟಾಗಿದ್ದರೆ ಬಿಸಿಯ ಬದಲು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಒಳ್ಳೆಯದು. ಬಿಗಿದ ಸ್ನಾಯುವನ್ನು ಬೆರಳ ತುದಿಯಿಂದ ನಿಧಾನವಾಗಿ ಸುತ್ತುತ್ತಾ ತಿಕ್ಕಬಹುದು. ಕಿವಿಯೊಳಗೆ ಎಣ್ಣೆ, ಬೆಳ್ಳುಳ್ಳಿ ರಸ ಬೇಡ. ತಮಟೆಯಲ್ಲಿ ತೂತಿದ್ದರೆ ಅದರಿಂದ ಹಾನಿಯೇ ಹೆಚ್ಚು.

ಹಲ್ಲು ಕಚ್ಚುವ ಅಭ್ಯಾಸ ಬಿಡಿಸುವುದೇ ಮುಖ್ಯ ಮದ್ದು. 'ಲ' ಎಂದು ಹೇಳಿ ನೋಡಿ. ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಿಗೆ ತಾಗುತ್ತದೆ. ನಾಲಿಗೆಯನ್ನು ಅಲ್ಲಿಯೇ ಇಟ್ಟು, ತುಟಿ ಮುಚ್ಚಿ, ಹಲ್ಲುಗಳನ್ನು ಬಿಡಿಸಿಡಿ. ದವಡೆಯ ವಿಶ್ರಾಂತಿಯ ಸ್ಥಿತಿ ಇದು. ಇದನ್ನು ದಿನವಿಡೀ ನೆನಪಿಡುವುದು ಕಷ್ಟ, ಅದಕ್ಕೊಂದು ಸೂಚನೆ ಬೇಕು. ನಮಗೆ ಐದು ಹೊತ್ತಿನ ವುಝೂ ಇದ್ದೇ ಇದೆ. ಬಾಯಿ ಮುಕ್ಕಳಿಸುವ ಮುನ್ನ ಪ್ರತಿ ಬಾರಿ 'ನನ್ನ ಹಲ್ಲು ಬಿಗಿದಿದೆಯೇ?' ಎಂದು ಗಮನಿಸಿ, ಸಡಿಲಿಸಿ. ಕೆಲವೇ ದಿನಗಳಲ್ಲಿ ಅದು ಅಭ್ಯಾಸವಾಗುತ್ತದೆ. ನಾಲಿಗೆಯನ್ನು ಅದೇ ಜಾಗದಲ್ಲಿಟ್ಟುಕೊಂಡು ಬಾಯಿಯನ್ನು ನಿಧಾನವಾಗಿ, ನೋಯದಷ್ಟೇ ಆರು ಸಲ ತೆರೆದು ಮುಚ್ಚುವುದು ಒಳ್ಳೆಯ ವ್ಯಾಯಾಮ.

ಆಕಳಿಕೆ ಬಂದಾಗ ಸಾಧ್ಯವಾದಷ್ಟು ತಡೆಯುವುದು, ಬಾಯಿಗೆ ಕೈ ಹಿಡಿಯುವುದು ಪ್ರವಾದಿ(ಸ)ಯವರು ಕಲಿಸಿದ ಶಿಷ್ಟಾಚಾರ. ದವಡೆ ನೋವಿರುವವರಿಗೆ ವೈದ್ಯರು ಕೊಡುವ ಸಲಹೆಯೂ ಅದಕ್ಕೆ ಹತ್ತಿರದ್ದೇ: ಆಕಳಿಸುವಾಗ ಗದ್ದದ ಕೆಳಗೆ ಮುಷ್ಟಿಯ ಆಸರೆ ಕೊಟ್ಟು, ಬಾಯಿ ಅತಿಯಾಗಿ ತೆರೆಯದಂತೆ ನೋಡಿಕೊಳ್ಳಿ.

ರಮಝಾನ್‌ನಲ್ಲಿ ನಿದ್ದೆ ತುಂಡಾಗುತ್ತದೆ, ಹಗಲಿನ ಕಾಫಿ ತಪ್ಪುತ್ತದೆ, ದೀರ್ಘ ಪಾರಾಯಣ ಮಾಡುವವರ ದವಡೆಗೆ ಕೆಲಸ ಹೆಚ್ಚುತ್ತದೆ. ಮೊದಲೇ ನೋವಿದ್ದವರಿಗೆ ಅದು ಕೆದರಬಹುದು. ಉಪವಾಸ ಶುರುವಾಗುವ ಒಂದೆರಡು ವಾರ ಮೊದಲೇ ಕಾಫಿಯನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿ. ಇಫ್ತಾರ್‌ನ ಬಳಿಕ ನೀರು ಚೆನ್ನಾಗಿ ಕುಡಿಯಿರಿ. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಮುಟ್ಟಲೇಬಾರದು.

ಯಾರ ಬಳಿಗೆ ಹೋಗಬೇಕು?

ಮೂರು ವಾರ ಕಳೆದರೂ ನೋವು ಇಳಿಯದಿದ್ದರೆ, ಬಾಯಿ ಮೂರು ಬೆರಳು ತೆರೆಯದಿದ್ದರೆ, ಕೀಲು ಪದೇ ಪದೇ ಸಿಕ್ಕಿಕೊಂಡರೆ ದಂತವೈದ್ಯರನ್ನು ಕಾಣಿ. ಪಾಲಿಬೆಟ್ಟದವರು ಇದಕ್ಕಾಗಿ ಮೈಸೂರಿಗೋ ಮಂಗಳೂರಿಗೋ ಹೋಗಬೇಕಿಲ್ಲ. ವಿರಾಜಪೇಟೆಯ ಮಗ್ಗುಲದಲ್ಲಿ ಕೊಡಗು ದಂತ ವೈದ್ಯಕೀಯ ಕಾಲೇಜಿದೆ. ದಂತ ಕಾಲೇಜುಗಳಲ್ಲಿ ಬಾಯಿಯ ರೋಗ ಪತ್ತೆಗೆ, ದವಡೆಯ ಶಸ್ತ್ರಚಿಕಿತ್ಸೆಗೆ ಬೇರೆ ಬೇರೆ ವಿಭಾಗಗಳಿರುತ್ತವೆ. ಕಿವಿಯಲ್ಲಿ ಸೋರಿಕೆ ಇದ್ದರೆ, ಕೇಳಿಸುವುದು ಕಡಿಮೆಯಾಗಿದ್ದರೆ ಮೊದಲು ಕಿವಿ ವೈದ್ಯರಿಗೆ ತೋರಿಸಿ.

ಹೋಗುವಾಗ ನೋವು ಯಾವಾಗ ಶುರುವಾಯಿತು, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಡಿಕೆ, ತಂಬಾಕಿನ ಅಭ್ಯಾಸವಿದ್ದರೆ ನಾಚದೆ ಹೇಳಿ. ರೋಗ ಪತ್ತೆಗೆ ಹೆಚ್ಚಾಗಿ ವೈದ್ಯರ ಕೈ ಮತ್ತು ಕಣ್ಣು ಸಾಕಾಗುತ್ತವೆ. ಅಗತ್ಯ ಬಿದ್ದರೆ ಎಕ್ಸ್‌ರೇ, ಕೆಲವರಿಗಷ್ಟೇ ಎಂಆರ್‌ಐ.

ಚಿಕಿತ್ಸೆಯ ಬಗ್ಗೆ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ದೀರ್ಘಕಾಲದ ದವಡೆ ನೋವಿಗೆ ಒಂದು ಮಾರ್ಗಸೂಚಿ ಪ್ರಕಟಿಸಿತು. ತಿಳಿವಳಿಕೆ, ಮನಸ್ಸಿನ ಒತ್ತಡ ನಿಭಾಯಿಸುವ ತರಬೇತಿ, ಕಲಿತವರ ಮೇಲ್ವಿಚಾರಣೆಯಲ್ಲಿ ಮಾಡುವ ದವಡೆ ವ್ಯಾಯಾಮ ಮತ್ತು ಕೈಚಿಕಿತ್ಸೆಗಳಿಗೆ ಅದು ಒತ್ತು ಕೊಡುತ್ತದೆ. ಕೀಲಿನ ಬಿಲ್ಲೆಯನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯನ್ನು ಅದು ಬೇಡವೆನ್ನುತ್ತದೆ. ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲು ಸವೆಯದಂತೆ ತೆಗೆದು ಹಾಕಬಹುದಾದ ಕವಚವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಅದು ಹಲ್ಲನ್ನು ಕಾಯುತ್ತದೆ, ಆದರೆ ಎಲ್ಲರ ನೋವನ್ನೂ ಇಳಿಸುತ್ತದೆ ಎಂಬ ಖಾತರಿಯಿಲ್ಲ. ಬೆಸೆದುಹೋದ ಕೀಲು, ಸರಿಯಾಗಿ ಕೂಡದ ಮುರಿತದಂಥ ಪ್ರಸಂಗಗಳಲ್ಲಿ ಮಾತ್ರ ಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಹಲ್ಲು ಕಚ್ಚಿ ಸಹಿಸುವುದನ್ನು ನಾವು ದೊಡ್ಡ ಗುಣವೆಂದು ಹೊಗಳುತ್ತೇವೆ. ಮನೆಯ ಉಮ್ಮಂದಿರು ಅದನ್ನೇ ಮಾಡುತ್ತಾ ಬಂದಿದ್ದಾರೆ. ಅವರು ಊಟ ಬಿಟ್ಟು ಗಂಜಿಯನ್ನೇ ಕುಡಿಯುತ್ತಿದ್ದರೆ, ಮಾತು ಕಡಿಮೆ ಮಾಡಿದ್ದರೆ, ಕೆನ್ನೆಗೆ ಕೈಯಿಟ್ಟು ಕೂರುತ್ತಿದ್ದರೆ ಏನಾಗಿದೆ ಎಂದು ಕೇಳಿ. ನೋವಿನ ಜೊತೆಗೆ ಮನಸ್ಸಿನ ಭಾರವನ್ನೂ ಕೇಳಿ. ಆಮೇಲೆ ಮಕ್ಕಳನ್ನೂ ಕರೆದು, ಎಲ್ಲರೂ ಒಂದು ಸಲ ಮೂರು ಬೆರಳು ಇಟ್ಟು ನೋಡಿ. ಅದಕ್ಕೆ ಕಾಸು ಖರ್ಚಿಲ್ಲ, ಒಂದು ನಿಮಿಷ ಸಾಕು.